ಪಕ್ಷಮಾಸದ ಬಾಡಿಗೆ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಒಂದು ಟೈಪಿಂಗ್ ಕ್ಲಾಸು. ಅದರ ಹಿಂದಿನ ಕೋಣೆಯಲ್ಲಿ ಕೂತು ಪ್ರಮಿತಾ ಮಾರುತ್ತಿದ್ದ ವಸ್ತು ಯಾರ ಕೈಗೂ ಸಿಗುವಂಥದ್ದಲ್ಲ. ಹೈದರಾಬಾದಿನ ಒಂದು ಕಂಪನಿಯಿಂದ ಇಂಟರ್ನೆಟ್ಟಿನಲ್ಲಿ ವರ್ಷದ ಬಾಡಿಗೆಗೆ ಜಾಗ ಹಿಡಿದು, ಅದನ್ನು ತುಂಡು ತುಂಡಾಗಿ ಸುತ್ತಲಿನ ಊರುಗಳ ವ್ಯಾಪಾರಿಗಳಿಗೆ ಕೊಡುತ್ತಿದ್ದಳು. ಅವರ ಅಂಗಡಿಯ ಹೆಸರು, ಫೋಟೋ, ಫೋನ್ ನಂಬರು ಆ ಜಾಗದಲ್ಲಿ ಇರುತ್ತಿದ್ದವು. ಬಾಡಿಗೆ ಕಟ್ಟಿದಷ್ಟು ದಿನ ಎಲ್ಲಿ ಕೂತು ನೋಡಿದರೂ ಕಾಣುತ್ತಿದ್ದವು, ಕಟ್ಟದಿದ್ದರೆ ಇಲ್ಲ. ಇಷ್ಟೇ ಮಾತು. ಈ ಮಾತನ್ನು ಹೇಳಿ ಹೇಳಿ ಅವಳಿಗೆ ಎಷ್ಟು ಸಾಕಾಗಿತ್ತೆಂದರೆ, ಹೇಳಲು ಬಾಯಿ ತೆರೆದ ಕೂಡಲೇ ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಗುಲ್ಬರ್ಗಾದಲ್ಲಿ ಡಿಗ್ರಿ ಮುಗಿಸಿ ಬಂದಾಗ ಈ ಕೆಲಸ ಮಾಡಬೇಕೆಂದು ಅವಳೇನೂ ಕನಸು ಕಂಡಿರಲಿಲ್ಲ. ಟೈಪಿಂಗ್ ಕ್ಲಾಸಿನವರು ಎರಡು ಕಂಪ್ಯೂಟರ್ ತಂದಿಟ್ಟಿದ್ದರು, ಕಲಿಸಲು ಯಾರಾದರೂ ಬೇಕಿತ್ತು. ಅವಳ ತಂದೆ ಸುಮಧ್ವಾಚಾರ್ಯರು ರಾಯರ ಮಠದಲ್ಲಿ ಪೂಜೆ ಮಾಡಿಕೊಂಡು, ಊರಿನವರ ಮನೆಗಳಲ್ಲಿ ವ್ರತ ಶ್ರಾದ್ಧ ಮಾಡಿಸಿಕೊಂಡು ಇದ್ದವರು. ಮಗಳು ಮನೆಯಲ್ಲಿ ಸುಮ್ಮನೆ ಕೂಡುವುದಕ್ಕಿಂತ ಇದು ವಾಸಿ ಎಂದು ಒಪ್ಪಿದರು.

ಅದು ಎರಡು ಸಾವಿರದ ಇಸವಿ. ಆಗ ಪೇಪರ್ ಬಿಚ್ಚಿದರೆ ಡಾಟ್ ಕಾಮ್. ಯಾರೋ ಮೀಸೆ ಮೂಡದ ಹುಡುಗರು ಕೋಟ್ಯಧೀಶರಾದರಂತೆ. ಸುದ್ದಿ ವಾಡಿ ಜಂಕ್ಷನ್ನಿನಲ್ಲಿ ಇಳಿದು ಸೇಡಂ, ಚಿತ್ತಾಪುರದ ಗಾಡಿ ಹತ್ತಿತ್ತು. ಚಿತ್ತಾಪುರದ ಸೀರೆ ಅಂಗಡಿಯವನೊಬ್ಬ ಬೋರ್ಡಿನ ಮೇಲೆ ತನ್ನ ಹೆಸರಿನ ಬೆನ್ನಿಗೆ ಡಾಟ್ ಕಾಮ್ ಎಂದು ಬರೆಸಿಯೇಬಿಟ್ಟ. ಇಂಟರ್ನೆಟ್ಟಿನಲ್ಲಿ ಅವನದು ಏನೂ ಇರಲಿಲ್ಲ, ಬೋರ್ಡಿನಲ್ಲಿ ಮಾತ್ರ ಇತ್ತು. ಅದಕ್ಕೇ ನಾಲ್ಕು ಮಂದಿ ನಿಂತು ನೋಡಿ ಹೋಗುತ್ತಿದ್ದರು.

ಆ ಗಾಳಿಯಲ್ಲೇ ಪ್ರಮಿತಾ ಕಲಿಸುವುದರ ಜೊತೆಗೆ ಜಾಗದ ಈ ವ್ಯಾಪಾರವನ್ನೂ ತೆರೆದಳು. ಮೊದಲ ಗಿರಾಕಿ ಸೂಗಪ್ಪ ಸಾವಕಾರ. ಊರ ಹೊರಗೆ ಅವನದು ಪರ್ಸಿ ಕಲ್ಲಿನ ಖಣಿ, ಅದಕ್ಕೆ ಹೊಂದಿಕೊಂಡು ಪಾಲಿಶ್ ಮಾಡುವ ಶೆಡ್ಡು. ನೆಲಕ್ಕೆ ಹಾಸುವ ಆ ಬೂದು ಕಲ್ಲನ್ನೇ ಹೊರಗಿನವರು ಶಹಾಬಾದಿ ಕಲ್ಲು ಅನ್ನುವುದು. ಜಾಗ ಅಂದರೆ ಎಲ್ಲಿ ಅದ ಎಂದು ಅವನು ಕೇಳಿದ. ಹೈದರಾಬಾದಿನಲ್ಲಿ ಒಂದು ಕಂಪ್ಯೂಟರಿನ ಒಳಗೆ ಎಂದಳು. ಪಟ್ಟಾ ಯಾರ ಹೆಸರಿನಲ್ಲಿ ಎಂದ. ಎಷ್ಟು ತಿಳಿಸಿದರೂ ಅವನ ಹುಬ್ಬಿನ ಗಂಟು ಬಿಚ್ಚಲಿಲ್ಲ. ಕೊನೆಗೆ ಬೇಸತ್ತು, ನಿಮ್ಮ ಖಣಿ ಲೀಸ್ ಇದ್ದಂಗ ಅಂತ ತಿಳ್ಕೊಳ್ರಿ, ನೆಲ ನಿಮ್ಮದಲ್ಲ, ಕಟ್ಟಿದಷ್ಟು ದಿನ ನಿಮ್ಮ ಕೆಲಸ ನಡೀತದ ಎಂದಳು. ಸೂಗಪ್ಪನ ಮುಖ ತಿಳಿಯಾಯಿತು. ಇದನ್ನ ಮದಲs ಹೇಳಬಾರದೇನು ಬಾಯಾರ ಎಂದು ಅವಳನ್ನೇ ಗದರಿಸಿದ.

ಸೂಗಪ್ಪ ಮಾಡಿಸಿದನೆಂದು ಸೇಡಮ್ಮಿನಲ್ಲಿ ತೊಗರಿ ಬೇಳೆ ಮಿಲ್ ಇಟ್ಟಿದ್ದ ಅವನ ಬೀಗ ಸೂರ್ಯಕಾಂತ ಮಾಡಿಸಿದ. ಸೂರ್ಯಕಾಂತ ಮಾಡಿಸಿದನೆಂದು ಚಿಂಚೋಳಿಯಲ್ಲಿ ಇಂಗ್ಲಿಷ್ ಸಾಲೆ ನಡೆಸುತ್ತಿದ್ದ ಉಮಾದೇವಿ ಮಾಡಿಸಿದರು. ಹೀಗೆ ಒಬ್ಬರನ್ನು ನೋಡಿ ಒಬ್ಬರು. ಬೇಕಾಗಿ ಮಾಡಿಸಿದವರು ಇವರಲ್ಲಿ ಒಬ್ಬರೂ ಇರಲಿಲ್ಲ ಎನ್ನುವುದು ಪ್ರಮಿತಾಳಿಗೆ ಹೊಳೆದದ್ದು ಬಹಳ ತಡವಾಗಿ.

ಹೈದರಾಬಾದಿಗೆ ಡಿಡಿ ಕಳಿಸಿದ್ದು ಗಣಪತಿ ಹಬ್ಬಕ್ಕೆ ಮುಂಚೆ, ಒಳ್ಳೆಯ ದಿನ ನೋಡಿ. ಆದರೆ ಅದು ಮುಟ್ಟಿ, ಬ್ಯಾಂಕಿನಲ್ಲಿ ತಿರುಗಿ, ಅಲ್ಲಿಯ ಗುಮಾಸ್ತ ಖಾತೆ ತೆರೆಯುವಷ್ಟರಲ್ಲಿ ಪಕ್ಷಮಾಸ ಬಂದುಬಿಟ್ಟಿತ್ತು. ಹಿರಿಯರಿಗೆ ಎಡೆ ಇಡುವ ಹದಿನೈದು ದಿನ. ಆಚಾರ್ಯರ ಮನೆಯಲ್ಲಿ ಆ ದಿನಗಳಲ್ಲಿ ಹೊಸ ಅರಿವೆ ತರುವುದಿಲ್ಲ, ಹೊಸ ಮಾತು ಆಡುವುದಿಲ್ಲ. ತಾರೀಖು ನೋಡಿ ಅವರು ಮುಖ ಸಿಂಡರಿಸಿ, ಯಂತ್ರದವರಿಗೆ ಎಲ್ಲಿಯ ಪಂಚಾಂಗ ಎಂದು ಸುಮ್ಮನಾದರು. ಆದರೆ ಹಾಗೆ ಬಿದ್ದ ತಾರೀಖು ಅಲ್ಲಿಯೇ ಬೇರು ಬಿಟ್ಟಿತು. ಪ್ರತಿ ವರ್ಷ ಸೆಪ್ಟೆಂಬರ್ ನಡುವೆ ಬಾಡಿಗೆ ಕಟ್ಟಲೇಬೇಕು.

ಮೊದಲನೇ ವರ್ಷ ಕೇಳಲು ಹೋದರೆ ಅಧಿಕಮಾಸ ನಡೆದಿತ್ತು. ಅಧಿಕ ಮುಗೀಲಿ ಬಾಯಾರ ಎಂದ ಸೂಗಪ್ಪ. ಆಮೇಲಿನ ವರ್ಷಗಳಲ್ಲಿ ಪಕ್ಷ ಮುಗೀಲಿ ಎಂದ. ಒಂದು ವರ್ಷ ಪಕ್ಷ ಇನ್ನೂ ಹಿಡಿದಿರಲಿಲ್ಲ, ಸದ್ಯ ಬಚಾವಾದೆ ಎಂದು ಅವಳು ಹೋದರೆ, ಗಣಪತಿ ಕುಂತಾನ, ಎಬ್ಬಿಸಿ ಬರ್ತೀನಿ ಎಂದ. ಸೂರ್ಯಕಾಂತನದೂ ಅದೇ ಮಾತು, ಉಮಾದೇವಿಯವರದೂ ಅದೇ. ಶರಣರ ಮನೆತನದವರಿಗೆ ಪಕ್ಷದ ಈ ಕಟ್ಟುಪಾಡು ಎಲ್ಲಿಂದ ಬಂತು ಎಂದು ಪ್ರಮಿತಾ ಕೇಳಬಹುದಿತ್ತು. ಕೇಳಲಿಲ್ಲ. ತನ್ನ ಮನೆಯಲ್ಲಿ ಪಕ್ಷ ಎಂದರೆ ನಿಜವಾಗಿ ಪಕ್ಷ. ಆ ಶಬ್ದ ಯಾರ ಬಾಯಿಂದ ಬಂದರೂ ಅವಳು ತಲೆ ತಗ್ಗಿಸಿ, ಆಗಲಿ ಎಂದು ಎದ್ದು ಬರುತ್ತಿದ್ದಳು. ಕಂಪ್ಯೂಟರ್ ಕಲಿಸಿ ಬಂದದ್ದನ್ನೇ ಹೈದರಾಬಾದಿಗೆ ಹಾಕಿ, ದೀಪಾವಳಿ ಹೊತ್ತಿಗೆ ಅವರು ಕೊಡುವ ತನಕ ಇವರ ಅಂಗಡಿಗಳ ಮುಂದೆ ಹಾದು ಹೋಗುತ್ತ ಮುಖ ತೋರಿಸುತ್ತಿದ್ದಳು. ಸೂಗಪ್ಪ ದೂರದಿಂದಲೇ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದ. ಆ ನಮಸ್ಕಾರ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಈ ನಡುವೆ ಡಾಟ್ ಕಾಮಿನ ಹುಡುಗರು ಮುಳುಗಿದರು. ಕೊಂಡಾಡಿದ್ದ ಪೇಪರುಗಳೇ ನಗಾಡಿದವು. ಚಿತ್ತಾಪುರದವನು ಬೋರ್ಡಿನ ಮೇಲಿನ ಡಾಟ್ ಕಾಮಿಗೆ ಸುಣ್ಣ ಬಳಿಸಿದ. ಎಲ್ಲಾ ಬುಡಾ ಹತ್ತಿತಂತಲ್ಲ, ನಮ್ಮದು ಅದಾವಿಲ್ಲೋ ಎಂದು ಜನ ಪ್ರಮಿತಾಳನ್ನು ಕೇಳುವರು, ಅವಳೇ ಮುಳುಗಿಸಿದವಳ ಹಾಗೆ. ಹಿಂದೆಯೇ ವಾಡಿಯಲ್ಲಿ ಅಬ್ದುಲ್ ಮಜೀದನ ಎಸ್ಟಿಡಿ ಅಂಗಡಿ ಇಂಟರ್ನೆಟ್ ಅಂಗಡಿಯಾಯಿತು. ಅಲ್ಲಿ ಪುಗಸಟ್ಟೆ ಪುಟ ಮಾಡಿಕೊಡುತ್ತಾರೆ ಎಂದು ಸುದ್ದಿ ಹಬ್ಬಿತು. ಸೂಗಪ್ಪ ಅವಳಿಗೆ ಒಂದು ಮಾತೂ ಹೇಳದೆ ವಾಡಿಗೆ ಹೋಗಿ ಮಾಡಿಸಿಕೊಂಡ. ಹೊಸ ಬೀಗರನ್ನು ಕರೆದೊಯ್ದು ತೋರಿಸುವಾಗ, ಅವನು ಭಕ್ತಿಯಿಂದ ಹಾಕಿಸಿದ್ದ ಬಸವಣ್ಣನ ಚಿತ್ರದ ಮಗ್ಗುಲಲ್ಲೇ ಹೆಂಡದ ಸೀಸೆಯ ಜಾಹೀರಾತೊಂದು ಮಿಣಮಿಣ ಮಿನುಗಿತು, ಸೀಸೆಗೆ ಒರಗಿ ಅರೆಬರೆ ಉಟ್ಟ ಹೆಣ್ಣೊಂದು ಕಣ್ಣು ಹೊಡೆಯಿತು. ಜತೆಗಿದ್ದ ಹೆಂಡತಿ ವಿಮಲಾಬಾಯಿ ಮನೆ ಮುಟ್ಟುವವರೆಗೆ ಮಾತಾಡಲಿಲ್ಲವಂತೆ. ಮುಟ್ಟಿದ ಮೇಲೆ ಮಾತಾಡಿದರಂತೆ.

“ನನ್ನ ಮ್ಯಾಲ ಸಿಟ್ಟಾಗಬ್ಯಾಡ ಅಕ್ಕಾ,” ಎಂದ ಮಜೀದ, ಅವಳು ವಾಡಿಗೆ ಹೋದಾಗ. “ಫುಕಟ್ ಬೇಕಂದ್ರು, ಮಾಡಿಕೊಟ್ಟೆ. ಫುಕಟ್ ಮನ್ಯಾಗ ಪಕ್ಕದ ಗ್ವಾಡಿ ನಮ್ಮದಿರಂಗಿಲ್ಲ, ಅದರ ಮ್ಯಾಲ ಅವರು ಏನರ ಅಂಟಸ್ತಾರ ಅಂತ ಮದಲs ಹೇಳೀನಿ. ನಕ್ಕರು.”

ಸೂಗಪ್ಪ ಮರಳಿ ಬಂದ. ಹೋಗಿದ್ದನ್ನು ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆಮೇಲೆ ಬ್ರಾಡ್‌ಬ್ಯಾಂಡ್ ಬರುತ್ತದಂತೆ ಎಂದು ಒಂದಷ್ಟು ದಿನ ಜನರ ಉಮೇದು ಏರಿತು. ಮತ್ತೆ ಇಳಿಯಿತು. ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎನ್ನುವುದು ಅವಳ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂತ ತುಳಸಿ ಎಲೆಗಳನ್ನು ಮುಂಜಾನೆ ಒಂದೊಂದಾಗಿ ಒರೆಸುವಾಗ ಅವಳಿಗೆ ಅನ್ನಿಸುತ್ತಿತ್ತು: ತಾನು ದಿನವೆಲ್ಲ ಮಾಡುವುದೂ ಇದನ್ನೇ, ಒರೆಸಿದ್ದರ ಮೇಲೆ ಮತ್ತೆ ಕೂಡುವುದನ್ನು ಒರೆಸುವುದು.

ಎರಡು ಸಾವಿರದ ಐದರಲ್ಲಿ ಆಚಾರ್ಯರು ಸೇಡಮ್ಮಿನಿಂದ ಒಂದು ಸುದ್ದಿ ತಂದರು. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್ ಬೇಕಾಗಿದ್ದಾರೆ, ಪರಿಚಯದವರು, ಹೂಂ ಅಂದರೆ ಸಾಕು. ಸಂಬಳ ಸಣ್ಣದು, ಆದರೆ ತಿಂಗಳು ತಿಂಗಳು ಬರುವಂಥದ್ದು. ಪ್ರಮಿತಾ ಎರಡು ದಿನ ಯೋಚಿಸಿದಳು. ಈ ಕೋಣೆಯ ವ್ಯಾಪಾರವನ್ನು ಅವಳು ತನ್ನ ಕೈಯಾರೆ ಎಬ್ಬಿಸಿದ್ದಳು. ಇದನ್ನು ಬಿಟ್ಟು ಗಂಟೆ ಹೊಡೆದಾಗ ಏಳುವ, ಗಂಟೆ ಹೊಡೆದಾಗ ಕೂಡುವ ಕೆಲಸ ಅವಳಿಗೆ ಬೇಕಿರಲಿಲ್ಲ. ಆದರೆ ಯಾರಿಗೂ ಬೇಡದ ವಸ್ತುವನ್ನು ಹಿಡಿದು ಬಾಗಿಲು ಬಾಗಿಲಿಗೆ ನಿಲ್ಲುವುದೂ ಸಾಕಾಗಿತ್ತು. ಕೊನೆಗೆ ತಂದೆಯ ಮುಂದೆ ತನ್ನ ಕರಾರು ಇಟ್ಟಳು. ಈ ವರ್ಷ ಜಾಗದ ಬಾಡಿಗೆಯನ್ನು ತಾನು ಕೈಯಿಂದ ಹಾಕುವುದಿಲ್ಲ. ಬಳಸುವವರು ತಮ್ಮದನ್ನು ತಾವೇ ಕಟ್ಟಿದರೆ ಅಂಗಡಿ ಉಳಿಯಲಿ. ಇಲ್ಲದಿದ್ದರೆ ಕೋಣೆಗೆ ಬೀಗ ಹಾಕಿ ಸೇಡಮ್ಮಿಗೆ ಹೋಗುತ್ತೇನೆ.

ತಾರೀಖು ಬಂತು. ಪಕ್ಷವೂ ಬಂತು. ಪಕ್ಷ ಮುಗೀಲಿ ಬಾಯಾರ ಎಂದ ಸೂಗಪ್ಪ.

ಆ ಮಧ್ಯಾಹ್ನ ಅವಳು ತಂದೆಯ ಮೇಲೆ ಹರಿಹಾಯ್ದಳು. ನಿಮ್ಮ ಶಾಸ್ತ್ರದ್ದೇ ಇದೆಲ್ಲ ಕಿರಿಕಿರಿ, ನೀವೇ ಬಿಡಿಸಿರಿ ಎಂದಳು. ಆಚಾರ್ಯರು ಯಾರದೋ ಮನೆಯ ಶ್ರಾದ್ಧ ಮುಗಿಸಿ ಆಗಷ್ಟೇ ಬಂದು ಕೂತಿದ್ದರು. ಮೊದಲು ಸಿಟ್ಟು ಬಂತು, ಆಮೇಲೆ ಮಗಳ ಮುಖ ನೋಡಿ ಯೋಚನೆಗೆ ಬಿದ್ದರು. ಪಕ್ಷದಲ್ಲಿ ಬೇಡವೆಂದದ್ದು ಹೊಸದಾಗಿ ಶುರು ಮಾಡುವ ಮಂಗಳ ಕಾರ್ಯ, ಇದ್ದದ್ದನ್ನು ಇದ್ದ ಹಾಗೆ ನಡೆಸಿಕೊಂಡು ಹೋಗಲು ಯಾವ ಅಡ್ಡಿಯೂ ಇಲ್ಲ ಎಂದರು. ಅದನ್ನೇ ಸಾವಕಾರರ ಮುಂದೆ ಬಂದು ಹೇಳಬೇಕು ಎಂದು ಅವಳು ಹಟ ಹಿಡಿದಳು. ಮರುದಿನ ಆಚಾರ್ಯರು ಕೊಡೆ ಹಿಡಿದು ಮಗಳ ಹಿಂದೆ ಹೊರಟರು.

ಮಳೆ ಬಿಟ್ಟೂ ಬಿಡದೆ ಹನಿಯುತ್ತಿತ್ತು. ಖಣಿಯ ತುಂಬ ಹಸಿರು ನೀರು ನಿಂತು, ಅಂಚಿನ ಪದರ ಪದರ ಕಲ್ಲು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಶೆಡ್ಡಿನ ಯಂತ್ರಗಳ ಮೇಲೆ ತಾಡಪತ್ರಿ ಹೊದಿಸಿದ್ದರು. ಸೂಗಪ್ಪ ಒಬ್ಬನೇ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಆಚಾರ್ಯರನ್ನು ಕಂಡು ಗಡಬಡಿಸಿ ಎದ್ದು, ಬರ್ರಿ ಆಚಾರ್ರೇ, ಕುಂದ್ರಿ ಎಂದು ಕುರ್ಚಿ ಒರೆಸಿದ.

ಆಚಾರ್ಯರು ಕೂತು ಶುರು ಮಾಡಿದರು. ಯಾವುದು ಹೊಸ ಕಾರ್ಯ, ಯಾವುದು ನಿತ್ಯದ್ದು, ಪಕ್ಷದಲ್ಲಿ ಏನು ಸಲ್ಲುತ್ತದೆ, ಏನು ಸಲ್ಲದು, ಒಂದೂ ಬಿಡದೆ ಹೇಳಿ, ಈ ಸಲ ಕಟ್ಟದಿದ್ದರೆ ಜಾಗ ಹೋಗಿಬಿಡುತ್ತದೆ ಎಂದೂ ಸೇರಿಸಿದರು. ಅವರು ಹಾಗೆ ತನಗಾಗಿ ವಾದ ಮಾಡಿದ್ದನ್ನು ಪ್ರಮಿತಾ ಎಂದೂ ನೋಡಿರಲಿಲ್ಲ. ಸೂಗಪ್ಪ ಕೈ ಕಟ್ಟಿಕೊಂಡು ಎಲ್ಲವನ್ನೂ ಕೇಳಿದ. ಕೇಳುತ್ತ ಕೇಳುತ್ತ ಅವನ ತಲೆ ತಗ್ಗಿತು.

“ಆಚಾರ್ರೇ, ನಿಮ್ಮಂಥವ್ರು ನನ್ನ ಶೆಡ್ಡಿಗಿ ಬಂದು ಇಷ್ಟು ಹೇಳಿದ್ರಿ. ಈಗ ಸುಳ್ಳು ಹ್ಯಾಂಗ ಹೇಳಲಿ,” ಎಂದ. “ಪಕ್ಷ ಪಿಕ್ಷ ನಮಗೇನಿಲ್ರಿ.”

ಪ್ರಮಿತಾ ತಲೆ ಎತ್ತಿದಳು.

“ಹಂಗಾದ್ರ ಇಷ್ಟು ವರ್ಷ ಯಾಕ ಹೇಳಿದ್ರಿ ಸಾವಕಾರ್ರೇ?”

“ಮತ್ತೇನ ಹೇಳ್ಲಿ ತಂಗಿ? ಆಚಾರ್ರ ಮಗಳು ನೀ. ಮನಿ ಬಾಗಲಿಗಿ ಬಂದಾಕಿಗಿ ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ. ನಿಮಗ ತಿಳಿಯೂವಂಥ ಮಾತು ಅಂತ ಪಕ್ಷ ಅಂದೆ.” ಅವನು ಹೊರಗೆ ಖಣಿಯ ಕಡೆ ಕೈ ಮಾಡಿದ. “ನೋಡಿಲ್ಲಿ. ನೀರು ನಿಂತದ. ಆಳು ಊರಿಗಿ ಹೋಗ್ಯಾವ. ಈ ದಿನದಾಗ ಮನಿ ಕಟ್ಟವ್ರು ಯಾರು? ಕಲ್ಲs ಯಾರೂ ಕೇಳಲಾರದಾಗ ಕಲ್ಲಿನ ಫೋಟೋಕ್ಕ ಬಾಡಗಿ ಕಟ್ಟು ಅಂದ್ರ ಮನಸು ಬರಂಗಿಲ್ಲ ನನಗ.”

ಮರಳಿ ಬರುವಾಗ ಆಚಾರ್ಯರು ಕೊಡೆಯ ಕೆಳಗೆ ಸಣ್ಣಗೆ ನಗತೊಡಗಿದರು. ತಾವು ಶಾಸ್ತ್ರವನ್ನೆಲ್ಲ ಹರವಿ ಕೂತದ್ದು, ಅವನು ಕೈ ಕಟ್ಟಿಕೊಂಡು ಕೇಳಿದ್ದು ನೆನೆಸಿಕೊಂಡು. ಪ್ರಮಿತಾಳಿಗೆ ನಗು ಬರಲಿಲ್ಲ. ಬೇಡ ಎಂದು ಒಂದು ಮಾತು ಹೇಳಲು ಏನು ಧಾಡಿ ಈ ಜನಕ್ಕೆ. ಪ್ರತಿ ವರ್ಷ ಎದ್ದು ಬಂದದ್ದು, ಕಾದದ್ದು, ಅಂಗಡಿ ಮುಂದೆ ಹಾದು ಹೋದದ್ದು ಎಲ್ಲ ಒಟ್ಟಿಗೇ ನೆನಪಿಗೆ ಬಂತು. ಅವರ ಮೇಲಿನದಕ್ಕಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ತಮ್ಮ ಮನೆಯ ಪಕ್ಷವನ್ನು ಎಲ್ಲರ ಮನೆಯಲ್ಲಿ ಕಂಡವಳು ಅವಳೇ ತಾನೆ.

ಆದರೂ ಮನಸ್ಸು ತಡೆಯದೆ ಹೈದರಾಬಾದಿಗೆ ಫೋನ್ ಮಾಡಿ ಎರಡು ತಿಂಗಳ ಮಟ್ಟಿಗೆ ಕಟ್ಟಬಹುದೇ ಎಂದು ಕೇಳಿದಳು. ಕಟ್ಟಿದರೆ ವರ್ಷಕ್ಕೆ, ಇಲ್ಲದಿದ್ದರೆ ಇಲ್ಲ ಎಂದರು. ಇಂಟರ್ನೆಟ್ಟಿನ ವಿಳಾಸದ ಹೆಸರಿಗೆ ಬಾಡಿಗೆ ಬೇರೆ, ಅದಕ್ಕಿನ್ನೂ ಕಾಲವಿತ್ತು, ಹೋಗುವುದು ಜಾಗ ಮಾತ್ರ. ಎಲ್ಲ ಪುಟಗಳನ್ನು ಸೀಡಿಗೆ ಇಳಿಸಿಕೊಂಡು ಸುಮ್ಮನೆ ಕೂತಳು. ಒಂದು ಮುಂಜಾನೆ ನೋಡಿದರೆ ಸೂಗಪ್ಪನ ಕಲ್ಲು, ಸೂರ್ಯಕಾಂತನ ಬೇಳೆ, ಚಿಂಚೋಳಿಯ ಸಾಲೆಯ ಮಕ್ಕಳ ಸಾಲು, ಯಾವುದೂ ಇರಲಿಲ್ಲ. ಬಿಳಿ ಪರದೆ. ಪಾಲಿಶ್ ಶೆಡ್ಡಿನಿಂದ ಹರಿದು ಬರುವ ಕಲ್ಲಿನ ಹಾಲಿನಂಥದೇ ಬಿಳುಪು.

ಯಾರೂ ಕೇಳಲಿಲ್ಲ. ದಿನ ಕಳೆಯಿತು, ವಾರ ಕಳೆಯಿತು. ಮಜೀದ ಒಬ್ಬ ಮಾತ್ರ ಫೋನ್ ಮಾಡಿ, ಏನಾತು ಅಕ್ಕಾ ಎಂದ. ಅವನಿಗೂ ಬೇರೆ ಕೆಲಸವಿತ್ತು, ಅವನ ಅಂಗಡಿಗೆ ಬರುವ ಹುಡುಗರು ಈಗ ಚಾಟಿಂಗು, ಆರ್ಕುಟ್ಟು ಎಂದು ಅದರಲ್ಲೇ ಮುಳುಗಿದ್ದರು. ದಸರೆಯ ಸಂಜೆ ಸೂಗಪ್ಪ ಆಚಾರ್ಯರ ಮನೆಗೆ ಬಂದು ಬನ್ನಿ ಕೊಟ್ಟ, ಕಾಲಿಗೆ ಬಿದ್ದ, ಪ್ರಮಿತಾಳಿಗೂ ಬನ್ನಿ ಕೊಟ್ಟು ಬಂಗಾರದಂಗ ಇರೂಣು ತಂಗಿ ಎಂದ. ತನ್ನದು ಹೋಗಿ ಎಷ್ಟೋ ದಿನವಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಇದ್ದಾಗ ನೋಡದಿದ್ದವನು ಹೋದದ್ದನ್ನು ನೋಡುವುದೆಲ್ಲಿಂದ. ಬನ್ನಿ ಎಲೆಯನ್ನು ಕೈಯಲ್ಲಿ ಹಿಡಿದು ನಿಂತ ಅವಳಿಗೆ ಅಂದು ಸೇಡಮ್ಮೇ ಸರಿ ಅನ್ನಿಸಿತು. ಆದರೂ ತಂದೆ ಕೇಳಿದಾಗ ಬಾಯಿಂದ ಬಂದದ್ದು, ತುಳಸಿ ಲಗ್ನ ಮುಗೀಲಿ ಅಪ್ಪಾ ಎಂದು. ಆಚಾರ್ಯರು ಸೇಡಮ್ಮಿನ ಸಾಲೆಯವರಿಗೂ ಅದನ್ನೇ ಮುಟ್ಟಿಸಿದರು.

ಮಳೆ ಹಿಂದೆಗೆಯಿತು. ಖಣಿಯ ನೀರನ್ನು ಪಂಪು ಹಚ್ಚಿ ಎತ್ತಿದರು. ತಾಡಪತ್ರಿ ಸರಿಯಿತು, ಕಲ್ಲು ಕೊಯ್ಯುವ ದನಿ ಮತ್ತೆ ಊರಿನ ಕಿವಿ ತುಂಬಿತು. ಕಾರ್ತೀಕದ ಬಿಸಿಲಿನಲ್ಲಿ ಒಂದು ದಿನ ಸೂಗಪ್ಪ ಟೈಪಿಂಗ್ ಕ್ಲಾಸಿನ ಹುಡುಗಿಯರ ನಡುವೆ ದಾರಿ ಮಾಡಿಕೊಂಡು, ಚಪ್ಪಲಿ ಸಹ ಬಿಡದೆ, ಹಿಂದಿನ ಕೋಣೆಗೆ ನುಗ್ಗಿದ.

“ನಂದು ಎಲ್ಲಿ ಹೋತು?”

“ಯಾವುದು ಸಾವಕಾರ್ರೇ?”

“ಅದs, ಕಂಪ್ಯೂಟರ್ ಒಳಗಿಂದು. ಕೊಚ್ಚಿ ಪಾರ್ಟಿ ಫೋನ್ ಮಾಡ್ಯಾನ. ಕಲ್ಲಿನ ನಮೂನಿ ನೋಡೂಣಂದ್ರ ಏನೂ ಇಲ್ಲ, ಧಂದೆ ಮುಚ್ಚೀರೇನು ಅಂತ ಕೇಳ್ತಾನ. ನನ್ನ ಕೇಳ್ತಾನ, ಮುಚ್ಚೀರೇನು ಅಂತ. ಹೀಂಗ ಮಾಡಬಹುದೇನು ನೀ? ಒಂದು ಮಾತು ಹೇಳಬಾರದಾ?”

ಹೇಳಿದ್ದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಂದೆಯನ್ನು ಕರೆತಂದು ಹೇಳಿಸಿದ್ದೆ, ಮಳೆಯಲ್ಲಿ ನಡೆದು ಬಂದು ಹೇಳಿದ್ದೆ. ಅವನ ಬೆವರಿದ ಮುಖ, ರುಮಾಲಿನ ಮೇಲೆ ಕೂತ ಕಲ್ಲಿನ ಹುಡಿ ನೋಡಿ ಅವಳು ಆ ಮಾತನ್ನು ನುಂಗಿದಳು. ಇವನು ನಟನೆ ಮಾಡುತ್ತಿರಲಿಲ್ಲ. ಆಗ ಬೇಡವಾದದ್ದು ಎಷ್ಟು ನಿಜವೋ ಈಗ ಬೇಕಾದದ್ದೂ ಅಷ್ಟೇ ನಿಜ. ಅವಳ ವಸ್ತುವಿನ ಮೇಲೆ ಇವನಿಗೆ ಎಂದೂ ಆಸೆ ಇರಲಿಲ್ಲ, ದ್ವೇಷವೂ ಇರಲಿಲ್ಲ. ಕಲ್ಲು ಕೇಳುವವರು ಬಂದಾಗ ಅದೂ ಬೇಕು, ಬರದಿದ್ದಾಗ ಅದೂ ಬೇಡ. ಇಷ್ಟು ದಿನ ಅವಳು ನೋಡಿದ್ದು ಪೇಪರು, ಪಂಚಾಂಗ. ಖಣಿಯ ನೀರನ್ನು ನೋಡಿರಲಿಲ್ಲ.

“ನಿಂತs ಮಾತಾಡಬ್ಯಾಡ್ರಿ, ಕುಂದ್ರಿ,” ಎಂದಳು. “ಇವತ್ತs ಹಚ್ಚತೀನಿ. ಆದ್ರ ವರ್ಷದ ಬಾಡಗಿ ಇನ್ನ ಮ್ಯಾಲ ಈ ದಿನಕ್ಕs ಬೀಳ್ತದ. ಪಕ್ಷಕ್ಕಲ್ಲ.”

“ಹಚ್ಚು ತಂಗಿ, ಹಚ್ಚು. ಅದಕ್ಕೇನು ಪಂಚಾಯ್ತಿ?” ಎಂದು ಅವನು ಅಂಗಿಯ ಒಳಜೇಬಿಗೆ ಕೈ ಹಾಕಿದ, ಪಂಚಾಯ್ತಿ ಎಂದೂ ಇರಲಿಲ್ಲವೇನೋ ಎನ್ನುವಂತೆ.

ಆ ವಾರವೇ ಅವಳು ಪ್ಯಾಸೆಂಜರ್ ಹಿಡಿದು ಸೇಡಮ್ಮಿಗೆ ಹೋದಳು. ಸಾಲೆಗಲ್ಲ, ಸೂರ್ಯಕಾಂತನ ಮಿಲ್ಲಿಗೆ. ಮುಂದುವರಿಸುತ್ತೀರಾ ಎಂದು ಕೇಳಲಿಲ್ಲ. ಬೇಳೆ ಬೇಕೆಂದು ಹೊರಗಿನವರು ಯಾವಾಗ ಫೋನ್ ಮಾಡುತ್ತಾರೆ ಎಂದು ಕೇಳಿದಳು. ಹೊಸ ತೊಗರಿ ಪುಷ್ಯದಲ್ಲಿ ಬರುತ್ತದೆ, ಆಗ ಫೋನ್ ಇಡಲು ಬಿಡುವುದಿಲ್ಲ ಎಂದ. ಹಾಗಾದರೆ ನಿಮ್ಮದು ಪುಷ್ಯಕ್ಕೆ ಎಂದಳು. ಯಾವಾಗಲೂ ನಾಲ್ಕು ನೆಪ ಹೇಳುವವನು ಒಂದೇ ಮಾತಿಗೆ ಒಪ್ಪಿದ್ದು ಅವನಿಗೇ ಆಶ್ಚರ್ಯವಾದಂತಿತ್ತು. ಅಲ್ಲಿಂದ ಬಸ್ಸು ಹತ್ತಿ ಚಿಂಚೋಳಿಗೆ ಹೋದಳು. ಉಮಾದೇವಿಯವರ ಸಾಲೆಗೆ ಮಕ್ಕಳನ್ನು ಸೇರಿಸುವವರು ವಿಚಾರಿಸುವುದು ಯುಗಾದಿ ಕಳೆದ ಮೇಲೆ. ಅವರದು ಚೈತ್ರಕ್ಕೆ ಬಿತ್ತು. ಆದರೆ ಅವರು ಮಾತಿನ ನಡುವೆ, ನಮ್ಮ ಮಾಸ್ತರೊಬ್ಬರು ಬ್ಲಾಗ್ ಅಂತ ಏನೋ ಪುಗಸಟ್ಟೆ ಸಿಗ್ತದ ಅಂತಾರಲ್ಲ ಎಂದರು. ಪ್ರಮಿತಾ ಒಂದು ಗಳಿಗೆ ಕಣ್ಣು ಮುಚ್ಚಿ ತೆಗೆದಳು. ಸಿಗ್ತದ್ರಿ, ಮೊದಲು ಅದನ್ನೇ ಮಾಡಿ ನೋಡಿರಿ ಎಂದಳು. ಉಮಾದೇವಿ ಗಲಿಬಿಲಿಗೊಂಡು, ಬ್ಯಾಡ, ನಿಮ್ಮದೇ ಇರಲಿ ಎಂದರು.

ಒಂದೇ ತಾರೀಖಿನ ಒಂದೇ ಉರಿ ಹೋಗಿ, ಈಗ ತಿಂಗಳಿಗೊಂದು ತಾರೀಖು, ತಿಂಗಳಿಗೊಂದು ಓಡಾಟ. ಕೆಂಪು ಬಸ್ಸಿನಲ್ಲಿ ಧೂಳು ನುಂಗುತ್ತ ಮರಳುವಾಗ ಇದರಿಂದ ಗಳಿಸಿದ್ದೇನು ಎಂದು ಅವಳಿಗೆ ತಿಳಿಯಲಿಲ್ಲ. ಇನ್ನೆರಡು ವರ್ಷಕ್ಕೆ ಮತ್ತೊಂದು ಪುಗಸಟ್ಟೆ ಬರುತ್ತದೆ, ಮತ್ತೊಂದು ಸಲ ಎಲ್ಲರೂ ಓಡುತ್ತಾರೆ. ಕಿಟಕಿಯ ಹೊರಗೆ ತೊಗರಿ ಹಳದಿ ಹೂ ಬಿಟ್ಟು ದಿಗಂತದವರೆಗೆ ನಿಂತಿತ್ತು. ಕೊಯ್ಲಿಗೆ ಇನ್ನೂ ದಿನವಿತ್ತು. ಅದನ್ನು ಯಾರೂ ಅವಸರ ಮಾಡುತ್ತಿರಲಿಲ್ಲ.

ಮನೆಗೆ ಬಂದಾಗ ಆಚಾರ್ಯರು ಕಟ್ಟೆಯ ಮೇಲೆ ಕೂತಿದ್ದರು. ಸೇಡಮ್ಮಿನವರು ಮತ್ತೆ ಹೇಳಿಕಳಿಸಿದ್ದಾರೆ, ತುಳಸಿ ಲಗ್ನವೂ ಆಯಿತು ಎಂದರು. ಒಳ್ಳೆಯ ಮಂದಿ, ಅವರ ಮನಸ್ಸು ನೋಯಬಾರದು. ಹೊಸ ವರ್ಷಕ್ಕೆ ನೋಡೋಣವೆಂದೋ, ಮನೆಯಲ್ಲಿ ಲಗ್ನದ ಮಾತು ನಡೆದಿದೆಯೆಂದೋ ಏನಾದರೂ ಹೇಳಲೇ ಎಂದು ಮೆಲ್ಲಗೆ ಕೇಳಿದರು.

ಪ್ರಮಿತಾ ಚಪ್ಪಲಿ ಬಿಟ್ಟು, ಕಾಲಿನ ಧೂಳು ತೊಳೆದುಕೊಂಡು ಬಂದಳು.

“ಏನೂ ಹೇಳಬ್ಯಾಡ್ರಿ ಅಪ್ಪಾ. ಅಕಿ ಬರೂದಿಲ್ಲ ಅಂತ ಹೇಳ್ರಿ. ಅಷ್ಟs.”